ಚೌಕದ ಬಣ್ಣ

ನಾಕು ಐಸಿನ ಇಟ್ಟಂಗಿ, ನಡುವ ಮದ್ದಿನ ಶೀಸಿ,
ಮ್ಯಾಲ ನೀಲಿ ಮುಚ್ಚಳ. ಡಬ್ಬಿ ಬಗಲಿಗಿ ಹಾಕ್ಕೊಂಡು
ಶಹಾಬಾದಿನಿಂದ ಗಣಿ ಓಣಿತನಕ
ಒಂದು ಖೇಪಿಗಿ ತೊಂಬತ್ತು ರೂಪಾಯಿ, ಪೆಟ್ರೋಲ್ ನಂದೇ.
ಶೀಸಿ ಮ್ಯಾಲಿನ ಇಂಗ್ಲಿಷು ನನಗ ತಿಳಿಯಲ್ಲ.
ಚೌಕ ತಿಳೀತದ.
ಎಸ್ತೇರಮ್ಮ ಸಿಸ್ಟರ್ ಕಲಿಸ್ಯಾರ, ಬೀದರಿನವರು, ಮಾತು ಕಮ್ಮಿ:
ನೇರಳೆ ಗೋಲ, ಅದರ ಹೊಟ್ಟ್ಯಾಗ ಬಿಳೀ ಚೌಕ.
ಬಿಸಿ ತಿಂದಂಗ ತಿಂದಂಗ ಚೌಕ ಮಬ್ಬಾಗ್ತಾ ಬರ್ತದ.
ಗೋಲದ ಬಣ್ಣಕ್ಕ ಬಂತಂದ್ರ ಚೆಲ್ಲಬೇಕು.
ಮದ್ದು ಸಾಯ್ತದೋ ಮೌನೇಶ, ವಿಷ ಆಗಲ್ಲ.

ಗುರುವಾರ ಸೂಜಿ. ಶನಿವಾರ ನಸುಕಿನ್ಯಾಗ ಸಾಬಮ್ಮನ ಕೂಸು ಇಲ್ಲ.
ಈ ಎರಡು ಮಾತಿನ ನಡುವ ಏನದ ಅಂಬೋ ಚೀಟಿ
ಕಲಬುರಗಿ ದೊಡ್ಡ ದವಾಖಾನಿಯಿಂದ ಇನ್ನಾ ಬಂದಿಲ್ಲ.
ಊರು ಕಾಯಲಿಲ್ಲ.
ಫೋನಿನ್ಯಾಗ ಒಂದು ಕೂಸು ಸತ್ತು ಮಲಗಿತ್ತು,
ಯಾವ ದೇಶದ ತಾಯಿಯೋ ಅಳಲಿಕತ್ತಿದ್ದಳು.
ಆ ಕೂಸಿಗಿ ಉಡದಾರ ಇರಲಿಲ್ಲ.
ಸಾಬಮ್ಮನ ಕೂಸಿಗಿ ಇತ್ತು, ಕರೇದು, ನಾ ನೋಡೀನಿ.
ಅದನ್ನ ನನಗ ಕಳಿಸಿದಾಂವ ನನ್ನ ಭಾವನೇ.

ಭಂಕೂರ ಕ್ರಾಸಿನ್ಯಾಗ ಟೈರು ಸುಡಲಿಕತ್ತಿದ್ದವು.
ಹೆಸರೇನು? ಮೌನೇಶ.
ಹಂಗಾರ ಮೌನ ಇರು, ಡಬ್ಬಿ ತಗಿ.
ತಾವೇ ತಗದರು. ಹದಿನೈದು ಫೋನು ಒಳಗ ಹಣಿಕಿ ಹಾಕಿದವು.
ಒಬ್ಬಾಂವ ಶೀಸಿ ಎತ್ತಿ ಬಿಸಿಲಿಗಿ ಹಿಡದು ಭಾಷಣ ಹಚ್ಚಿದ.
ಹೋದ ಇಲೆಕ್ಷನ್ನಿಗಿ ಮೊದಲ, ಪೋಲಿಯೋ ಭಾನುವಾರ,
ಹನಿ ಹಾಕಿ ಫೋಟೋ ತೆಗಸ್ಕೊಂಡಾಂವ ಇವನೇ.
ಜೀಪಿನ್ಯಾಗ ಬಂದ ಇನ್ನೊಂದು ಕಡಿಯವರು
ಯಾವ ಕೂಸೂ ಸತ್ತೇ ಇಲ್ಲ, ಎಲ್ಲಾ ನಾಟಕ, ಅಂದರು.
ಕಲ್ಲಿಗೇನು ಬರ, ಗಣಿ ಊರು.
ಇಬ್ಬರಿಗೂ ನಂದು ಒಂದೇ ಮಾತು:
ಮುಚ್ಚಳ ಮುಚ್ರಿ. ಬೈರಿ, ಹೊಡೀರಿ, ಮೊದಲ ಮುಚ್ಚಳ ಮುಚ್ರಿ.
ನೀ ಯಾವ ಪಾರ್ಟಿಯಾಂವ ಅಂತ ಕೇಳಿದರು.
ಐಸಿನ ಪಾರ್ಟಿ ಅನ್ನಬೇಕಂತ ಮಾಡಿದ್ದೆ. ಅನ್ನಲಿಲ್ಲ.

ಇನ್ನೊಂದೂ ಅನ್ನಲಿಲ್ಲ.
ಆ ಗುರುವಾರ ನನ್ನ ಗಾಡಿ ಪಂಚರ್ ಆಗಿತ್ತು.
ಸಿಮೆಂಟ್ ಫ್ಯಾಕ್ಟರಿ ಗ್ವಾಡಿ ಬಾಜೂಕ ಮುಕ್ಕಾಲು ತಾಸು
ಅಂಗಿ ಕಳದು ಡಬ್ಬಿಗಿ ಹೊಚ್ಚಿ ಬನೇನಿನ ಮ್ಯಾಲ ಕುಂತಿದ್ದೆ.
ಐಸು ಗಟ್ಟೀನೇ ಇತ್ತು. ಚೌಕ ನೋಡಿದೆ, ಸಿಸ್ಟರೂ ನೋಡಿದರು,
ಬಿಳಿ ಅಂದರು, ರಜಿಸ್ಟರಿನ್ಯಾಗ ಬರದರು.
ಅದೇ ಶೀಸಿ ಇನ್ನಾ ಎಂಟು ಕೂಸಿಗಿ ಹೋಗ್ಯದ.
ಅದರಾಗ ಒಂದು ನನ್ನ ತಂಗಿ ಮಗ. ಒಂದಿನ ಜ್ವರ, ತೊಡಿ ಬಾತಿತ್ತು,
ಈಗ ಕೈಗಿ ಸಿಕ್ಕಿದ್ದೆಲ್ಲ ಬಾಯಿಗಿ ಇಟ್ಕೊಂತದ.
ಇಷ್ಟೆಲ್ಲ ಹೇಳಿದರ ಅವರಿಗಿ ಪಂಚರ್ ಅಷ್ಟೇ ಕೇಳಸ್ತಿತ್ತು.
ಚಂಜಿಕಿ ಅದಕ್ಕೊಂದು ಹಾಡು ಹಚ್ಚಿ ಊರಿಗೆಲ್ಲ ಹಂಚ್ತಿದ್ದರು.
ಆದರೂ ನಿದ್ದಿ ಬರಲಾರದ ರಾತ್ರ್ಯಾಗ
ನನಗೂ ಪಂಚರ್ ಅಷ್ಟೇ ಕೇಳಸ್ತದ.

ಎರಡು ಗುರುವಾರ ಯಾರೂ ಬರಲಿಲ್ಲ. ಎಸ್ತೇರಮ್ಮ
ಬಾಗಿಲ ನೋಡ್ಕೊಂತ ಮೊರದಾಗ ತೊಗರಿ ಆರಿಸಿದರು.
ಮೂರನೇ ಗುರುವಾರ ಸಾಬಮ್ಮ ಬಂದಳು. ಬರೇ ಕೈ.
ಸೆರಗಿನ ತುಂಬ ಫರ್ಸಿ ಧೂಳು.
ಜ್ವರ ಬರ್ತದಂತ ಅವತ್ತ ನೀವು ಹೇಳಲಿಲ್ಲ, ಅಂದಳು.
ಹೇಳಬೇಕಿತ್ತವ್ವ, ಅಂದರು ಸಿಸ್ಟರ್. ಗದ್ದಲ ಭಾಳಿತ್ತು, ಹೇಳಲಿಲ್ಲ.
ನನ್ನ ಕಡಿ ತಿರುಗಿದಳು. ತಂದಾಂವ ನೀನೇ ಏನು?
ಪಂಚರ್ ಹೇಳಿದೆ. ಅಂಗಿ ಹೇಳಿದೆ. ಮುಕ್ಕಾಲು ತಾಸು ಹೇಳಿದೆ.
ಬೈಯಲಿಲ್ಲ. ತೋರ್ಸು, ಅಂದಳು.
ಶೀಸಿ ಅಂಗೈಯಾಗ ಇಟ್ಟೆ. ಆ ತಣ್ಣಗಿಗೋ ಏನೋ
ಕೈ ಒಮ್ಮಿ ಹಿಂದಕ್ಕ ಹೋತು, ಹೊಳ್ಳಿ ಬಂತು.
ಇದು ಗೋಲ ಅಂದೆ, ಇದು ಚೌಕ ಅಂದೆ.
ಮುಚ್ಚಳ ತೆರದೇ ಇತ್ತು, ನೆಪ್ಪಾಗಲಿಲ್ಲ.
ಕಣ್ಣಿಗಿ ಹತ್ತಿ ಹಿಡದಳು, ದೂರ ಹಿಡದಳು,
ಬಾಗಿಲ ಬೆಳಕಿಗಿ ಹೋಗಿ ನಿಂತು
ಭಾಳ ಹೊತ್ತು ನೋಡಿದಳು.
ಆಮ್ಯಾಲ ಕೇಳಿದಳು:
ಇದಕ್ಕ ನೀವು ಬಿಳಿ ಅಂತೀರಿ?